ಮುದುಡಲಾರದ ಗುಜ್ಜೆ

ಹೆಡ್ಜ್‌ಹಾಗ್ ಎಂದೊಡನೆ ಕನ್ನಡಿಗರ ಬಾಯಿಗೆ ಬರುವ ಮಾತು ಮುಳ್ಳುಹಂದಿ. ಪುಣೆಯಲ್ಲಿ ನಮ್ಮ ನೆರೆಯ ಮರಾಠಿಗರು ಅದನ್ನು ಸಾಳಿಂದರ್ ಎಂದರು. ಎರಡು ಹೆಸರೂ ಬೇರೊಂದು ಪ್ರಾಣಿಯವು. ಮುಳ್ಳುಹಂದಿ 15 ಕಿಲೋ ತೂಗಬಲ್ಲ, ತೋಟದ ಗೆಡ್ಡೆಗೆಣಸು ಅಗೆದು ತಿನ್ನುವ, ಇಲಿ ಅಳಿಲುಗಳ ಕುಲಕ್ಕೆ ಸೇರಿದ ಕಾಡುಜೀವಿ. ನಮ್ಮ ಮನೆಯಲ್ಲಿದ್ದುದು 400 ಗ್ರಾಮಿನ, ಎರಡು ಅಂಗೈ ಜೋಡಿಸಿದರೆ ಅದರೊಳಗೆ ಕೂರುವ ಜೀವ. ಕುಲದಿಂದ ಅದು ಹಂದಿಯೂ ಅಲ್ಲ, ಇಲಿಯೂ ಅಲ್ಲ. ರಾತ್ರಿ ಗೋಡೆಯಂಚಿನಲ್ಲಿ ಚೀಂಗುಟ್ಟುತ್ತ ಓಡುವ ಸೊಂಡಿಲಿಯ ದೂರದ ನೆಂಟ. ತಮಿಳಿನಲ್ಲಿ ಇದಕ್ಕೆ ಮುಳ್ಳೆಲಿ ಎಂಬ ಹೆಸರಿದೆಯೆಂದು ಚೆನ್ನೈಯ ಗೆಳೆಯರು ತಿಳಿಸಿದ ಮೇಲೆ ನಾವೂ ಮುಳ್ಳಿಲಿ ಎನ್ನತೊಡಗಿದೆವು. ಇಲಿಯಲ್ಲದ್ದನ್ನು ಇಲಿಯೆಂದ ದೋಷ ಅದರಲ್ಲೂ ಉಳಿಯಿತು. ಆದರೂ ಹಂದಿಗಿಂತ ಅಳತೆಗೆ ಹತ್ತಿರ.

ಮನೆಯೊಳಗಿನ ಹೆಸರು ಗುಜ್ಜೆ. ಉಡುಪಿ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಪಲ್ಯಕ್ಕೆ ಒದಗುವ ಎಳೆಯ ಹಲಸಿನಕಾಯಿ. ಮುದುಡಿ ಕುಳಿತ ಮರಿಯನ್ನು ನೋಡಿ ಮಗಳು ಇಟ್ಟ ಹೆಸರು ಅದು. ಕಾಲೇಜಿನ ಕೊನೆಯ ವರ್ಷದ ಜನವರಿಯಲ್ಲಿ ಎರಡು ತಿಂಗಳ ಮರಿಯನ್ನು ಅವಳು ಮನೆಗೆ ತಂದಳು. ಅದೇ ಸೆಪ್ಟೆಂಬರಿನಲ್ಲಿ ಮುಂದಿನ ಓದಿಗೆಂದು ಜರ್ಮನಿಗೆ ಹೊರಟಳು. ಕೊಥರೂಡಿನ ಮೂರನೆಯ ಮಹಡಿಯಲ್ಲಿ ಉಳಿದವರು ನಿವೃತ್ತರಾದ ನಾವಿಬ್ಬರು ಮತ್ತು ಗುಜ್ಜೆ. ಕೆಳಮನೆಯ ಕನ್ನಡತಿಯೊಬ್ಬರು ನಮ್ಮ ಉಪಚಾರಗಳನ್ನು ಕಂಡು, ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಕ್ಕರು. ನಾವು ಹೆತ್ತವರಲ್ಲ, ಅದು ಹೆಗ್ಗಣವೂ ಅಲ್ಲ ಎಂದು ನಾವೂ ನಕ್ಕೆವು.

ಏಕಾದಶಿಯಂದು ಈರುಳ್ಳಿ ಬೆಳ್ಳುಳ್ಳಿಯನ್ನು ಒಳಗೆ ತಾರದ ಅಡುಗೆಮನೆ ನಮ್ಮದು. ಗುಜ್ಜೆಯ ಆಹಾರವಾದರೋ ಹುಳು. ಬೆಕ್ಕಿನ ಒಣ ತಿನಿಸನ್ನು ಒಡೆದು ಕೊಡುತ್ತಿದ್ದೆವಾದರೂ ಅದರ ಜೀವವಿದ್ದುದು ಮೀಲ್‌ವರ್ಮ್ ಎಂಬ ಹಳದಿ ಹುಳುಗಳಲ್ಲಿ. ಗೋಧಿ ತೌಡು ತುಂಬಿದ ಡಬ್ಬಿಯಲ್ಲಿ ಅವು ಜೀವಂತವಾಗಿ ಬರುತ್ತವೆ. ಹೊರಗಿಟ್ಟರೆ ಕೆಲವು ವಾರಗಳಲ್ಲಿ ಕೋಶ ಕಟ್ಟಿ ಜೀರುಂಡೆಗಳಾಗಿಬಿಡುತ್ತವೆ; ತಣ್ಣಗಿಟ್ಟರೆ ಬೆಳವಣಿಗೆ ನಿಧಾನವಾಗುತ್ತದೆ. ಹೀಗಾಗಿ ಫ್ರಿಜ್ಜಿನಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ಹುಳುಗಳ ಡಬ್ಬಿಗೂ ಜಾಗವಾಯಿತು. ಮೊದಲ ವಾರ ನಮ್ಮಲ್ಲೊಬ್ಬರು ಫ್ರಿಜ್ಜಿನ ಬಾಗಿಲನ್ನೇ ತೆರೆಯಲಿಲ್ಲ. ಎರಡನೆಯ ತಿಂಗಳಿಗೆ ಅದೇ ವ್ಯಕ್ತಿ ಇಕ್ಕಳದಲ್ಲಿ ಹುಳು ಹಿಡಿದು, ದೊಡ್ಡದೇ ಚಿಕ್ಕದೇ ಎಂದು ಆರಿಸುತ್ತಿದ್ದುದುಂಟು.

ಅದಕ್ಕೆ ನಮ್ಮ ಮೇಲೆ ಪ್ರೀತಿಯಿತ್ತೆಂದು ಹೇಳಲಾರೆವು. ಮುಳ್ಳಿಲಿ ಒಂಟಿಯಾಗಿ ಬದುಕುವ ಪ್ರಾಣಿ. ಹಗಲೆಲ್ಲ ನಿದ್ದೆ, ಕತ್ತಲಾದ ಮೇಲೆ ಎಚ್ಚರ. ಕಣ್ಣು ಮಂದ, ಮೂಗು, ಕಿವಿ ಬಲು ಚುರುಕು. ರಾತ್ರಿಯಿಡೀ ಚಕ್ರದ ಮೇಲೆ ಓಡುತ್ತಿತ್ತು. ಆ ಗುರ್ ಗುರ್ ಸದ್ದು ಹಳೆಯ ಹೊಲಿಗೆಯಂತ್ರದಂತೆ ಬೆಳಗಿನ ಜಾವದವರೆಗೂ ನಮ್ಮ ಕೋಣೆಗೆ ಕೇಳಿಸುತ್ತಿತ್ತು. ಮುಟ್ಟಹೋದರೆ ಹಣೆಯ ಮುಳ್ಳುಗಳನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡು ಬುಸುಗುಟ್ಟುವುದು. ಇನ್ನೂ ಮುಟ್ಟಿದರೆ ಚೆಂಡಾಗುವುದು. ಅದರ ಬೆನ್ನಿನ ಚರ್ಮದ ಅಂಚಿನಲ್ಲಿ ಸುತ್ತಲೂ ಬಳೆಯಂತೆ ಒಂದು ಸ್ನಾಯುವಿದೆ. ನಮ್ಮ ಅಜ್ಜಿಯಂದಿರ ಎಲೆಯಡಿಕೆಯ ಸಂಚಿಯ ದಾರವನ್ನು ಎಳೆದಾಗ ಬಾಯಿ ಮುಚ್ಚಿಕೊಳ್ಳುತ್ತದಲ್ಲ, ಹಾಗೆ ಆ ಸ್ನಾಯು ಬಿಗಿದರೆ ತಲೆ, ಕಾಲು, ಹೊಟ್ಟೆ ಎಲ್ಲವೂ ಒಳಗೆ, ಹೊರಗೆ ಬರೀ ಮುಳ್ಳು. ಆ ಮುಳ್ಳುಗಳೂ ಗಟ್ಟಿಯಾದ ಕೂದಲುಗಳೇ. ಮುಳ್ಳುಹಂದಿಯವುಗಳಂತೆ ಕಳಚಿ ಚುಚ್ಚಿಕೊಳ್ಳುವವಲ್ಲ. ಓಡಿ ತಪ್ಪಿಸಿಕೊಳ್ಳುವ ವೇಗವಾಗಲಿ, ಕಚ್ಚಿ ಗೆಲ್ಲುವ ಹಲ್ಲಾಗಲಿ ಅದಕ್ಕಿಲ್ಲ. ಲೋಕಕ್ಕೆ ಅದು ಕೊಡುವ ಉತ್ತರ ಒಂದೇ, ಮುದುಡುವುದು.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಹೊಸ ವಾಸನೆಯೊಂದು ಸಿಕ್ಕರೆ ಗುಜ್ಜೆ ಅದನ್ನು ಜಗಿದು, ಬಾಯಲ್ಲಿ ನೊರೆ ಬರಿಸಿ, ಕತ್ತನ್ನು ಹಿಂದಕ್ಕೆ ಹೊರಳಿಸಿ ಆ ನೊರೆಯನ್ನು ತನ್ನ ಮುಳ್ಳುಗಳಿಗೆ ಬಳಿದುಕೊಳ್ಳುತ್ತಿತ್ತು. ಇದು ರೋಗವಲ್ಲ, ಆ ಜಾತಿಯ ಸ್ವಭಾವ. ಊರಿನಿಂದ ಬಂದ ಕೊಬ್ಬರಿ ಎಣ್ಣೆ, ಹೊಸ ಪುಸ್ತಕದ ರಟ್ಟು, ಒಮ್ಮೆ ನಮ್ಮ ಬಳಗದ ಹಿರಿಯರೊಬ್ಬರ ನಶ್ಯದ ಕರವಸ್ತ್ರ, ಇವೆಲ್ಲವೂ ಅದಕ್ಕೆ ಅಂಥ ಅಭ್ಯಂಜನದ ಸಂದರ್ಭಗಳು.

ಎರಡನೆಯ ಡಿಸೆಂಬರಿನಲ್ಲಿ, ಅದಕ್ಕೆ ಎರಡು ವರ್ಷ ತುಂಬಿ ತಿಂಗಳಾಗಿದ್ದಾಗ, ಒಂದು ಬೆಳಗ್ಗೆ ಹಾಸು ಬದಲಿಸಲು ಎತ್ತಿಕೊಂಡಾಗ ಗುಜ್ಜೆ ಮುದುಡಲಿಲ್ಲ. ಬುಸುಗುಟ್ಟಿತು, ಹಣೆಯ ಮುಳ್ಳು ನಿಮಿರಿದವು, ಆದರೆ ಸಂಚಿಯ ದಾರ ಅರ್ಧಕ್ಕೇ ನಿಂತಿತು. ಹಿಂಗಾಲೊಂದು ಹೊರಗೇ ಉಳಿಯಿತು. ಅಂದು ಸಂಜೆ ವಿಡಿಯೋ ಕರೆಯಲ್ಲಿ, ಅಂಗೈ ಮೇಲೆ ತೆರೆದುಕೊಂಡು ಮಲಗಿದ ಗುಜ್ಜೆಯನ್ನು ಕಂಡು ಮಗಳಿಗೆ ಬಹಳ ಸಂತೋಷವಾಯಿತು. “ಅಮ್ಮಾ, ಕೊನೆಗೂ ನಿಮಗೆ ಹೊಂದಿಕೊಂಡಿತು ನೋಡು” ಎಂದಳು. ಅದು ಹೊಂದಿಕೊಂಡ ಲಕ್ಷಣವಲ್ಲವೆಂದು ನಮ್ಮಿಬ್ಬರಿಗೂ ಅನಿಸಿತ್ತು. ವೈದ್ಯರನ್ನು ಕಾಣುವವರೆಗೆ ಅವಳಿಗೆ ಏನನ್ನೂ ಹೇಳದಿರುವುದೆಂದು ನಿಶ್ಚಯಿಸಿದೆವು.

ಪುಣೆಯ ಚಳಿಗಾಲದ ಬೆಳಗುಗಳಲ್ಲಿ ಉಷ್ಣಾಂಶ 10 ಡಿಗ್ರಿಯ ಸುತ್ತ ಇಳಿಯುವುದುಂಟು. ಗುಜ್ಜೆ ಆಫ್ರಿಕಾ ಮೂಲದ ಜಾತಿಯದು. 24 ಡಿಗ್ರಿಗಿಂತ ಮೇಲಿದ್ದರೆ ಅದಕ್ಕೆ ಹಿತ. ತೀರ ತಣ್ಣಗಾದರೆ ಮೈ ಮರಗಟ್ಟಿ ತೂರಾಡುತ್ತದೆ. ಯೂರೋಪಿನ ಮುಳ್ಳಿಲಿಗಳ ಹಾಗೆ ಇಡೀ ಚಳಿಗಾಲ ನಿದ್ರಿಸಿ ಬದುಕುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಮೊದಲ ಸಂದೇಹ ಚಳಿಯ ಮೇಲೆಯೇ ಹೋಗುವುದು ಸಹಜ. ಆದರೆ ಬೆಳಕಿಲ್ಲದೆ ಕಾವು ಕೊಡುವ ಸೆರಾಮಿಕ್ ದೀಪ ಗೂಡಿನ ಮೇಲೆ ಉರಿಯುತ್ತಲೇ ಇತ್ತು, ಒಳಗಿನ ಉಷ್ಣಮಾಪಕ 26 ತೋರಿಸುತ್ತಿತ್ತು, ಹೊಟ್ಟೆ ಬೆಚ್ಚಗಿತ್ತು.

ಎರಡು ಕಡೆ ನಾಯಿ ಬೆಕ್ಕುಗಳನ್ನಷ್ಟೇ ನೋಡುವುದೆಂದು ಹೇಳಿ ಕಳುಹಿಸಿದರು. ಮೂರನೆಯ ಕಡೆ, ಮೊದಲ ವರ್ಷ ಚರ್ಮದ ನುಸಿಗೆ ಔಷಧ ಕೊಟ್ಟಿದ್ದ ತರುಣ ವೈದ್ಯೆ ಸಿಕ್ಕರು. ಆಗ ಅವರು ಗುಜ್ಜೆಯ ಹೊಟ್ಟೆ ನೋಡಲು ಅರಿವಳಿಕೆಯ ಅನಿಲ ಕೊಡಬೇಕಾಗಿತ್ತು. ಎಚ್ಚರವಿದ್ದಾಗ ಅದನ್ನು ಬಿಡಿಸುವುದು ಅಷ್ಟು ಕಷ್ಟ. ಈ ಸಲ ಮೇಜಿನ ಮೇಲೆ ಇಟ್ಟು, ಮೆಲ್ಲನೆ ಮಗುಚಿದರು, ಅದು ಮಗುಚಿಕೊಂಡಿತು. ಅವರ ಮುಖದಲ್ಲಿ ಉತ್ತರವಿತ್ತು. ಕಿವಿಯ ಸೋಂಕು, ಬೆನ್ನಿನ ಪೆಟ್ಟು, ಗಡ್ಡೆ, ಇವುಗಳನ್ನೆಲ್ಲ ಒಂದೊಂದಾಗಿ ನೋಡಿ ಬದಿಗಿಡಲು ಮೂರು ವಾರ ಹಿಡಿಯಿತು. ಉಳಿದುದು ವಾಬ್ಲಿ ಹೆಡ್ಜ್‌ಹಾಗ್ ಸಿಂಡ್ರೋಮ್, ಎಂದರೆ ತೂರಾಡುವ ಮುಳ್ಳಿಲಿಯ ರೋಗ. ಹೆಸರು ಮಕ್ಕಳ ಕಥೆಯದರಂತಿದೆ, ರೋಗ ಹಾಗಿಲ್ಲ.

ವಿದ್ಯುತ್ ತಂತಿಯ ಮೇಲಿನ ಹೊದಿಕೆಯಂತೆ ನರತಂತುಗಳ ಸುತ್ತಲೂ ಒಂದು ಕವಚವಿರುತ್ತದೆ. ಈ ರೋಗದಲ್ಲಿ ಮಿದುಳು, ಬೆನ್ನುಹುರಿಗಳಲ್ಲಿ ಆ ಕವಚ ಕೆಡುತ್ತ ಹೋಗುತ್ತದೆ. ಮುದುಡಲಾಗದಿರುವುದು ಮೊದಮೊದಲ ಲಕ್ಷಣಗಳಲ್ಲೊಂದು. ಆಮೇಲೆ ತೂರಾಟ, ಬಳಿಕ ಹಿಂಗಾಲು, ಮುಂಗಾಲು, ಕೊನೆಗೆ ನುಂಗುವ ಶಕ್ತಿ. ಕಾರಣ ಗೊತ್ತಿಲ್ಲ, ವಂಶದಲ್ಲಿ ಬರುತ್ತದೆಂಬ ಬಲವಾದ ಸಂದೇಹವಿದೆ. ಔಷಧವಿಲ್ಲ. ಉತ್ತರ ಅಮೆರಿಕದ ಸಾಕು ಮುಳ್ಳಿಲಿಗಳಲ್ಲಿ ಹತ್ತರಲ್ಲೊಂದಕ್ಕೆ ಇದು ಬರುತ್ತದೆಂಬ ಅಂದಾಜಿದೆ. 1980ರ ದಶಕದಲ್ಲಿ ಆಫ್ರಿಕಾದಿಂದ ಹಡಗು ವಿಮಾನಗಳಲ್ಲಿ ತರಿಸಿದ ಪ್ರಾಣಿಗಳಿಂದಲೇ ಅಲ್ಲಿನ ಸಾಕು ಸಂತತಿ ಬೆಳೆಯಿತು; 1990ರ ದಶಕದ ಆರಂಭದಲ್ಲಿ ಆಮದು ನಿಂತ ಮೇಲೆ ಹೊಸ ರಕ್ತ ಸೇರಲಿಲ್ಲ. ಚೆಂದದ ಸಾಕುಪ್ರಾಣಿಯೆಂದು ನಾವು ಕೊಳ್ಳುವುದರ ಹಿಂದೆ ಇಂಥ ಇಕ್ಕಟ್ಟಾದ ವಂಶಾವಳಿಯೂ ಇರುತ್ತದೆ. ಮುಳ್ಳಿಲಿ ಸಾಕಬಹುದೇ ಎಂದು ಕೇಳಿದವರಿಗೆ ಈಗ ನಾವು ಬೇಡವೆಂದೇ ಹೇಳುತ್ತೇವೆ. ನಮ್ಮ ದೇಶದ ಒಣ ಕುರುಚಲು ಕಾಡಿನ ಮುಳ್ಳಿಲಿಗಳನ್ನಂತೂ ವನ್ಯಜೀವಿ ಕಾಯ್ದೆ ಕಾಪಾಡುತ್ತದೆ. ಅವನ್ನು ಹಿಡಿದು ಸಾಕುವ ಮಾತೇ ಇಲ್ಲ.

ಶುಶ್ರೂಷೆ ಎಂಬ ಮಾತಿಗೆ ಸಂಸ್ಕೃತದಲ್ಲಿ ಕೇಳುವ ಇಚ್ಛೆ ಎಂಬ ಅರ್ಥವಿದೆ. ಗುಜ್ಜೆಯ ವಿಷಯದಲ್ಲಿ ಮೊದಲು ನಿಂತದ್ದು ಸದ್ದೇ. ಜನವರಿಯ ಒಂದು ರಾತ್ರಿ ಚಕ್ರ ತಿರುಗಲಿಲ್ಲ. ಎರಡು ಸುತ್ತು ತಿರುಗಿ ನಿಲ್ಲುವುದು, ಏನೋ ಬಿದ್ದ ಸದ್ದು, ಮತ್ತೆ ಎರಡು ಸುತ್ತು. ಬಿದ್ದು ಪೆಟ್ಟಾಗದಿರಲೆಂದು ಚಕ್ರವನ್ನು ತೆಗೆದೆವು. ಆ ಮೌನಕ್ಕೆ ನಮಗೆ ಹಲವು ದಿನ ನಿದ್ದೆ ಹತ್ತಲಿಲ್ಲ.

ಗೂಡಿನ ನೆಲಕ್ಕೆ ಹಳೆಯ ಉಣ್ಣೆಯಂಥ ಮೆತ್ತನೆಯ ಬಟ್ಟೆ ಬಂತು. ಜಾರುವ ಕಾಲಿಗೆ ಅದರಲ್ಲಿ ಹಿಡಿತ ಸಿಗುತ್ತದೆ. ತಟ್ಟೆಯ ಅಂಚು ತಗ್ಗಾಯಿತು. ಪಕ್ಕಕ್ಕೆ ವಾಲಿ ಬಿದ್ದರೆ ಏಳಲಾಗದೆಂದು, ಕೈಟವೆಲುಗಳನ್ನು ಸುರುಳಿ ಸುತ್ತಿ ಎರಡೂ ಬದಿಗೆ ಆನಿಸಿದೆವು. ನಡುವೆ ನಿಂತು ತಿನ್ನುವಾಗ ಅದು ಇಕ್ಕಟ್ಟಾದ ಓಣಿಯಲ್ಲಿ ನಿಂತ ಎಮ್ಮೆಕರುವಿನಂತೆ ಕಾಣುತ್ತಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಕ. ಡಿಸೆಂಬರಿನಲ್ಲಿ 410 ಗ್ರಾಂ, ಮಾರ್ಚಿನಲ್ಲಿ 372, ಜೂನಿನಲ್ಲಿ 331. ಮೇ ತಿಂಗಳಿನಿಂದ ಸಿರಿಂಜಿನಲ್ಲಿ ಉಣ್ಣಿಸುವುದು ಅನಿವಾರ್ಯವಾಯಿತು. ರೋಗಿ ಬೆಕ್ಕುಗಳಿಗೆಂದು ಡಬ್ಬಿಯಲ್ಲಿ ಸಿಗುವ ಮಾಂಸದ ಗಂಜಿಯನ್ನು ಬೆಚ್ಚಗಿನ ನೀರಿನಲ್ಲಿ ಕದಡಿ, ಸೂಜಿಯಿಲ್ಲದ 1 ಮಿಲಿಲೀಟರಿನ ಸಿರಿಂಜಿಗೆ ತುಂಬಿ, ಬಾಯಿಯ ಪಕ್ಕದಿಂದ ತೊಟ್ಟುತೊಟ್ಟಾಗಿ ಕೊಡಬೇಕು. ಎದುರಿನಿಂದ ತಳ್ಳಿದರೆ ಶ್ವಾಸನಾಳಕ್ಕೆ ಹೋಗುವ ಭಯ. ನುಂಗಿತೇ ಎಂದು ಗಂಟಲು ನೋಡಬೇಕು, ಆಮೇಲೆ ಮುಂದಿನ ತೊಟ್ಟು. 12 ಮಿಲಿಲೀಟರ್ ಉಣ್ಣಿಸಲು ಮುಕ್ಕಾಲು ಗಂಟೆ; ಹೀಗೆ ದಿನಕ್ಕೆ ನಾಲ್ಕು ಸಲ, ಅದರಲ್ಲಿ ಒಂದು ರಾತ್ರಿ ಎರಡಕ್ಕೆ. ನಡೆಯಲಾರದ್ದು ಮಲಗಿದಲ್ಲೇ ಮಲಮೂತ್ರ ಮಾಡಿಕೊಳ್ಳುತ್ತದೆ. ಹೊಟ್ಟೆಯ ಚರ್ಮ ಕೆಂಪಾಗದಂತೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮಗ್ಗುಲು ಬದಲಿಸಿ ಮಲಗಿಸುವುದು.

ಈ ಕೆಲಸ ನಮ್ಮ ಕೈಗಳಿಗೆ ಹೊಸದಾಗಿರಲಿಲ್ಲ. ಇದೇ ಮನೆಯಲ್ಲಿ ನಮ್ಮಿಬ್ಬರಲ್ಲೊಬ್ಬರ ತಾಯಿ ಮೂರು ವರ್ಷ ಮಲಗಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು, ಬೆನ್ನಿನ ಚರ್ಮ ನೋಡುವುದು, ಚಮಚದ ಗಂಜಿ ಕೆನ್ನೆಯಲ್ಲಿ ಉಳಿಯಿತೇ ಎಂದು ಪರೀಕ್ಷಿಸುವುದು, ಎಲ್ಲವೂ ಕೈಗೆ ನೆನಪಿತ್ತು. ಹಾಗೆಂದು ಹೋಲಿಸುವುದು ಸಲ್ಲದು, ನಾವು ಹೋಲಿಸುತ್ತಲೂ ಇಲ್ಲ. ಒಂದು ವ್ಯತ್ಯಾಸವನ್ನಷ್ಟೇ ಹೇಳುತ್ತೇವೆ. ಆ ಹಿರಿಯ ಜೀವ ಕೊನೆಯ ತಿಂಗಳುಗಳಲ್ಲಿ ಮಾತು ನಿಂತ ಮೇಲೂ ಚಮಚವನ್ನು ಕೈಯಿಂದ ಸರಿಸಿ ಸಾಕು ಎನ್ನುತ್ತಿತ್ತು. ಗುಜ್ಜೆಗೆ ಅಂಥ ಸಂಜ್ಞೆ ಇರಲಿಲ್ಲ. ಸಾಕೆಂಬುದನ್ನೂ ಅದರ ಪರವಾಗಿ ನಾವೇ ಅನ್ನಬೇಕಿತ್ತು.

ಸಲಹೆಗಳಿಗೇನೂ ಕೊರತೆಯಿರಲಿಲ್ಲ. ಎದುರುಮನೆಯ ಆಜಿ ಅರಿಶಿನ ಹಾಕಿದ ಬಿಸಿ ಹಾಲು ತಂದರು. ನಮ್ಮ ದೇಶದಲ್ಲಿ ಕಾಯಿಲೆ ಬಿದ್ದ ಪ್ರಾಣಿ ಯಾವುದೇ ಇರಲಿ, ಮೊದಲು ಬರುವುದು ಹಾಲಿನ ಬಟ್ಟಲು. ಮುಳ್ಳಿಲಿಗೆ ಹಾಲಿನ ಸಕ್ಕರೆ ಜೀರ್ಣವಾಗದು, ಭೇದಿಯಾಗುತ್ತದೆ. ಬಟ್ಟಲನ್ನು ತೆಗೆದುಕೊಂಡು, ಹಾಲನ್ನು ನಾವೇ ಕುಡಿದೆವು. ನಮ್ಮ ಬಳಗದ ಗೆಳೆಯರೊಬ್ಬರು ನೇರವಾಗಿ ಕೇಳಿದರು: “ನಿಮ್ಮನ್ನು ಗುರುತೂ ಹಿಡಿಯದ ಒಂದು ಪ್ರಾಣಿಗೆ ಇಷ್ಟು ದುಡ್ಡು, ಇಷ್ಟು ನಿದ್ದೆ ಯಾಕೆ ಸಾರ್?” ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ನಾವು ಕೊಟ್ಟ ಉತ್ತರ ಬಹಳ ಸಾಮಾನ್ಯದ್ದು: ಮನೆಯಲ್ಲಿದೆ, ಹಸಿಯುತ್ತದೆ.

ಗುರುತಿನ ವಿಷಯ ಮಾತ್ರ ಮನಸ್ಸಿನಲ್ಲಿ ನಿಂತಿತು. ಎರಡು ವರ್ಷ ನಾವು ಅದರ ಹೊಟ್ಟೆಯನ್ನು ಕಂಡದ್ದೇ ಅಪರೂಪ. ಈಗ ದಿನವೂ ಅಂಗೈಯಲ್ಲಿ ಬೆನ್ನಾಗಿ ಮಲಗಿಸಿಕೊಂಡು ಒರೆಸುತ್ತಿದ್ದೆವು. ಆ ಹೊಟ್ಟೆಯ ಮೇಲೆ ಮುಳ್ಳಿಲ್ಲ. ಒರಟಾದ ಬಿಳಿಯ ಕೂದಲು, ಅದರಡಿ ತೆಳ್ಳನೆಯ ಬಿಸಿ ಚರ್ಮ, ಅದರಡಿ ಎಣಿಸಲಾಗದಷ್ಟು ವೇಗದ ಎದೆಬಡಿತ. ಹಿಂಗಾಲಿಗೆ ನಾಲ್ಕೇ ಬೆರಳು. ಮುಂಗಾಲುಗಳು ಮಗುವಿನ ಕೈಗಳಂತೆ ಅಗಲಿಸಿಕೊಂಡಿರುತ್ತಿದ್ದವು. ಬಂದವರು ನೋಡಿ, ಎಷ್ಟು ನಂಬಿಕೆ ಇದಕ್ಕೆ ನಿಮ್ಮ ಮೇಲೆ ಎನ್ನುತ್ತಿದ್ದರು. ಮುಟ್ಟಿದ ಕ್ಷಣದಲ್ಲಿ ಬೆನ್ನಿನ ಅಂಚಿನ ಸ್ನಾಯು ನಡುಗುವುದು ನಮ್ಮ ಬೆರಳಿಗೆ ಮಾತ್ರ ತಿಳಿಯುತ್ತಿತ್ತು. ಅದು ಮುದುಡಲು ಪ್ರಯತ್ನಿಸುತ್ತಿತ್ತು. ಪ್ರತಿದಿನ, ಪ್ರತಿಸಲ. ನಮಗೆ ದೊರೆತ ಆ ಸಲಿಗೆ ಅದು ಕೊಟ್ಟದ್ದಲ್ಲ, ರೋಗ ಅದರಿಂದ ಕಿತ್ತುಕೊಟ್ಟದ್ದು. ಇದು ತಿಳಿದೂ ಆ ಬೆಚ್ಚನೆಯ ಹೊಟ್ಟೆಯನ್ನು ಹಿಡಿದಿರುವುದು ನಮಗೆ ಹಿತವಾಗುತ್ತಿತ್ತೆಂಬುದನ್ನು ಮುಚ್ಚಿಡಲಾರೆವು.

ಆಗಸ್ಟ್ ಬಂತು. ಪುಣೆಯಲ್ಲಿ ಗಣೇಶೋತ್ಸವಕ್ಕೆ ವಾರಗಟ್ಟಲೆ ಮೊದಲೇ ಢೋಲ್ ತಾಶಾ ತಂಡಗಳ ತಾಲೀಮು ಶುರುವಾಗುತ್ತದೆ. ಮುಠಾ ನದಿಯ ದಂಡೆಯಿಂದ ಸಂಜೆಯಾದರೆ ಅದರ ಸದ್ದು ತೇಲಿಬರುತ್ತದೆ. ಮೂವತ್ತು ವರ್ಷ ಈ ಊರಿನಲ್ಲಿದ್ದ ನಮಗೆ ಆ ಸದ್ದು ಕೇಳಿದರೆ ಈಗಲೂ ಮೈ ನವಿರೇಳುತ್ತದೆ. ಹಿಂದಿನ ಎರಡು ಹಬ್ಬಗಳಲ್ಲಿ ಗುಜ್ಜೆ ಹತ್ತು ದಿನವೂ ಚೆಂಡಾಗಿ, ಬಟ್ಟೆಯ ಚೀಲದೊಳಗೆ ಅಡಗಿ ಕಳೆದಿತ್ತು. ಈ ಸಲ ತೂಕ 286 ಗ್ರಾಂ. ಕತ್ತೊಂದನ್ನು ಬಿಟ್ಟರೆ ಉಳಿದದ್ದು ಹೆಚ್ಚು ಅಲುಗುತ್ತಿರಲಿಲ್ಲ. ಚೌತಿಯಂದು ಬೆಳಗ್ಗೆ ನಮ್ಮ ಗೇಟಿನ ಮುಂದೆಯೇ ಮಂಡಲದ ಮೆರವಣಿಗೆ ನಿಂತಿತು. ಕಿಟಕಿ ಮುಚ್ಚಿ, ಗೂಡನ್ನು ಒಳಕೋಣೆಗೆ ಒಯ್ದು, ಮೇಲೆ ಕಂಬಳಿ ಹೊದಿಸಿ ಇಣುಕಿ ನೋಡಿದೆವು. ಪ್ರತಿ ಪೆಟ್ಟಿಗೂ ಹಣೆಯ ಮುಳ್ಳುಗಳು ನಿಮಿರಿ ಇಳಿಯುತ್ತಿದ್ದವು, ನಿಮಿರಿ ಇಳಿಯುತ್ತಿದ್ದವು. ಮೈ ಹಾಗೇ ತೆರೆದು ಬಿದ್ದಿತ್ತು. ಭಯ ಪೂರ್ತಿಯಾಗಿ ಉಳಿದಿತ್ತು, ಅದಕ್ಕೆ ಕೊಡಬೇಕಾದ ಉತ್ತರ ಮಾತ್ರ ಉಳಿದಿರಲಿಲ್ಲ.

ವೈದ್ಯೆ ಜುಲೈಯಲ್ಲೇ ಹೇಳಿದ್ದರು: “ಕಾಕಾ, ಕಾಕೂ, ತಾರೀಖು ನಾನು ಹೇಳುವುದಿಲ್ಲ. ಅದಕ್ಕೆ ಇಷ್ಟವಾದ ಮೂರು ಸಂಗತಿಗಳನ್ನು ಬರೆದಿಡಿ. ಮೂರೂ ಹೋದ ದಿನ ಫೋನು ಮಾಡಿ.” ನಾವು ಬರೆದಿದ್ದುದು ಚಕ್ರ, ಹುಳು, ಹೊಸ ವಾಸನೆ. ಚಕ್ರ ಜನವರಿಯಲ್ಲಿ ಹೋಯಿತು. ಹುಳುವನ್ನು ಅಗಿಯುವುದು ಜುಲೈಯ ಕೊನೆಗೆ ನಿಂತಿತು. ಚೌತಿಯ ಸಂಜೆ ಮೋದಕಕ್ಕೆಂದು ತಂದ ಏಲಕ್ಕಿಯನ್ನು ಜಜ್ಜಿ ಮೂಗಿನ ಬಳಿ ಹಿಡಿದೆವು. ಮೂಗು ಒಂದೆರಡು ಸಲ ಕದಲಿತು. ನಾಲಗೆ ಹೊರಗೆ ಬಂತು, ನೊರೆ ಬರಲಿಲ್ಲ. ನಮ್ಮಲ್ಲೊಬ್ಬರು, ಮೂಗು ಕದಲಿತಲ್ಲ, ಇನ್ನೂ ಇದೆ ಎಂದರು. ಇನ್ನೊಬ್ಬರು ಏನೂ ಹೇಳಲಿಲ್ಲ. ಆ ರಾತ್ರಿ ಎರಡು ಗಂಟೆಯ ಊಟ ಮುಗಿಸಿ, ಇಬ್ಬರೂ ಅಡುಗೆಮನೆಯ ಮೇಜಿನ ಬಳಿ ಕುಳಿತು ಮಗಳಿಗೆ ಕರೆ ಮಾಡಿದೆವು; ಅಲ್ಲಿ ಇನ್ನೂ ರಾತ್ರಿ ಹನ್ನೊಂದರ ಹೊತ್ತು. ಅವಳು ಅತ್ತಳು. ಅವಳ ವಸತಿಯ ಹಿಂದಿನ ತೋಟಕ್ಕೆ ಕತ್ತಲಾದ ಮೇಲೆ ಕಾಡು ಮುಳ್ಳಿಲಿಯೊಂದು ಬರುತ್ತದಂತೆ. ಅಲ್ಲಿನವರು ಅದಕ್ಕೆ ಈಗೆಲ್ ಎನ್ನುತ್ತಾರೆ. ಅದರ ಚಿತ್ರ ಕಳುಹಿಸಲೇ ಎಂದು ಕೇಳಿ, ಬೇಡ ಬಿಡಿ ಎಂದು ತಾನೇ ಸುಮ್ಮನಾದಳು. ಕೊನೆಗೆ, “ವಿಸರ್ಜನೆಯ ದಿನದವರೆಗೆ ಇಡಬೇಡಿ ಅಪ್ಪ” ಎಂದಳು.

ವಿಸರ್ಜನೆಯ ದಿನ ರಸ್ತೆಗಳೆಲ್ಲ ಮುಚ್ಚುತ್ತವೆ, ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ. ಅದಕ್ಕೂ ಮೂರು ದಿನ ಮೊದಲು, ಮಧ್ಯಾಹ್ನ, ಸದ್ದಿಲ್ಲದ ಹೊತ್ತು ನೋಡಿ ಆಟೋದಲ್ಲಿ ಕರೆದೊಯ್ದೆವು. ಮೊದಲು ಅನಿಲ, ನಿದ್ದೆ ಬಂದ ಮೇಲೆ ಚುಚ್ಚುಮದ್ದು. ನಮ್ಮ ಬೆರಳು ಬೆನ್ನಿನ ಅಂಚಿನಲ್ಲಿತ್ತು. ಅನಿಲದ ಮುಖವಾಡ ಇಟ್ಟಾಗ ಆ ಸ್ನಾಯು ಒಮ್ಮೆ ನಡುಗಿತು, ಆಮೇಲೆ ನಿಂತಿತು.

ಈ ರೋಗವನ್ನು ಖಚಿತವಾಗಿ ಗುರುತಿಸುವುದು ಸತ್ತ ಮೇಲೆಯೇ, ಮಿದುಳು ಬೆನ್ನುಹುರಿಗಳ ತೆಳುಪದರಗಳನ್ನು ಸೂಕ್ಷ್ಮದರ್ಶಕದಡಿ ನೋಡಿ. ದೇಹವನ್ನು ಪರೀಕ್ಷೆಗೆ ಕೊಡುವಿರಾ ಎಂದು ವೈದ್ಯೆ ಸಂಕೋಚದಿಂದ ಕೇಳಿದರು. ಒಬ್ಬರು ತಕ್ಷಣ ಒಪ್ಪಿದರು, ಇನ್ನೊಬ್ಬರು ಹೊರಗೆ ಹೋಗಿ ಐದು ನಿಮಿಷ ನಿಂತು ಬಂದು ಸಹಿ ಹಾಕಿದರು. ಆರು ವಾರಗಳ ಮೇಲೆ ಎರಡು ಪುಟಗಳ ವರದಿ ಬಂತು. ಬಿಳಿಯ ನರಭಾಗದಲ್ಲಿ ಸಣ್ಣ ಸಣ್ಣ ಪೊಳ್ಳುಗಳು, ಕವಚದ ನಾಶ. ನಮ್ಮ ವೈದ್ಯೆಯ ಊಹೆ ಸರಿಯಿತ್ತು. ಅದನ್ನು ಮಗಳಿಗೆ ಕಳುಹಿಸಿದೆವು.

ಸೆರಾಮಿಕ್ ದೀಪವನ್ನು ಆ ಚಿಕಿತ್ಸಾಲಯಕ್ಕೇ ಕೊಟ್ಟೆವು. ಹುಳುಗಳ ಡಬ್ಬಿಯನ್ನು ಏನು ಮಾಡುವುದೆಂದು ತೋಚದೆ, ಗುಜ್ಜೆ ಹೋದ ಮರುದಿನ ಫ್ರಿಜ್ಜಿನಿಂದ ತೆಗೆದು ಬಾಲ್ಕನಿಯಲ್ಲಿ ಇಟ್ಟಿದ್ದೆವು. ವರದಿ ಬಂದ ವಾರ ತೆರೆದು ನೋಡಿದರೆ ತೌಡಿನ ಮೇಲೆ ಕಪ್ಪು ಜೀರುಂಡೆಗಳು ಓಡಾಡುತ್ತಿದ್ದವು, ಅಡಿಯಲ್ಲಿ ಬಿಳಿಯ ಕೋಶಗಳು ಇನ್ನೂ ಇದ್ದವು. ಹಿಟ್ಟಿನ ಡಬ್ಬಿಗಳಿಗೆ ಹತ್ತಬಾರದೆಂದು ಮುಚ್ಚಳವನ್ನು ಬಿಗಿಯಾಗಿ ಹಾಕಿ, ಗಾಳಿಯಾಡಲು ಸೂಜಿಯಿಂದ ನಾಲ್ಕು ತೂತು ಹೆಚ್ಚಿಗೆ ಮಾಡಿದೆವು. ಗಜ್ಜರಿಯ ಚೂರು ಹಾಕುವ ಕೆಲಸವನ್ನು, ಮೊದಲ ವಾರ ಫ್ರಿಜ್ಜಿನ ಬಾಗಿಲು ತೆರೆಯದಿದ್ದವರೇ ವಹಿಸಿಕೊಂಡಿದ್ದಾರೆ.